ಸೋಂಪಿನ ತಟ್ಟೆ

ಈ ಶನಿವಾರವೂ ಅದೇ ಮೂಲೆಯ ಮೇಜು.
ದುರ್ಗಿಗುಡಿಯ ಈ ಹೋಟೆಲಿಗೆ ಈಗ ಹೊಸ ಬೋರ್ಡು, ಹೊಸ ಟೈಲ್ಸು.
ಫ್ಯಾಮಿಲಿ ರೂಮಿನ ಹಸಿರು ಪರದೆ ಎಲ್ಲಿ ಹೋಯಿತೋ,
ಅದರ ಅಂಚಿಗೆ ಕೈ ಒರೆಸಿಕೊಂಡವರಲ್ಲಿ ನಾನೂ ಒಬ್ಬಳು.

ಅಪ್ಪ ಮೆನು ತೆರೆಯುವುದಿಲ್ಲ.
"ಎರಡು ಮಸಾಲೆ, ನಾಲ್ಕು ತಟ್ಟೆ."
ಒಬ್ಬೊಬ್ಬರಿಗೆ ಒಂದೊಂದು ಹೇಳೋಣ ಅಪ್ಪಾ, ದುಡ್ಡಿದೆ ಅಂದರೆ
"ದುಡ್ಡಿನ ಮಾತಲ್ಲ ಮಾರಾಯ್ತಿ, ಲೆಕ್ಕದ ಮಾತು."

ಆಗಲೂ ಅದೇ ಲೆಕ್ಕ.
ಬಸ್ ಡಿಪೋದಿಂದ ಬಂದು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ,
ಆಮೇಲೆ ಕೆಂಪು ಸೋಪಿನಲ್ಲಿ ತಿಕ್ಕಿ,
ಆದರೂ ಉಗುರಂಚಲ್ಲಿ ಗ್ರೀಸು ಉಳಿದ ಕೈಯಿಂದ
ದೋಸೆಯನ್ನು ಸರಿಯಾಗಿ ಅರ್ಧಕ್ಕೆ ಮುರಿಯುತ್ತಿದ್ದ.
ಗರಿಗರಿ ತುದಿ ಹೆಪ್ಸಿಬಳಿಗೆ, ಪಲ್ಯದ ಹೊಟ್ಟೆ ನನಗೆ.
ಅಮ್ಮ, ಈಗಿನ ಹಾಗೇ, "ನನಗೆ ಹಸಿವಿಲ್ಲ" ಎನ್ನುತ್ತಾ
ನಮ್ಮೆಲ್ಲರ ಚಟ್ನಿ ಮುಗಿಸುತ್ತಿದ್ದಳು.

ಬಿಲ್ಲಿನ ಜೊತೆ ಬರುತ್ತಿತ್ತು ಸೋಂಪಿನ ತಟ್ಟೆ.
ಅಪ್ಪ ಅದರಲ್ಲಿ ಎರಡು ರೂಪಾಯಿ ಇಟ್ಟು
ಶೀನಣ್ಣನತ್ತ ನೋಡದೆ ಏಳುತ್ತಿದ್ದ.
ಕೊಟ್ಟದ್ದು ಕಾಣಬಾರದು ಎಂಬುದು ಅವನ ಮತ.
ಒಂದು ಶನಿವಾರ, ಪರದೆಯ ಮರೆಯಲ್ಲಿ, ಕೊನೆಗೆ ಎದ್ದವಳು ನಾನು.
ಸೋಂಪು ಬಾಯಿಗೆ, ನಾಣ್ಯ ಫ್ರಾಕಿನ ಜೇಬಿಗೆ.

ಅದರಲ್ಲಿ ಏನೂ ಕೊಳ್ಳಲಿಲ್ಲ.
ಭಾನುವಾರ ಕಾಣಿಕೆ ಚೀಲಕ್ಕೆ ಹಾಕೋಣವೆಂದರೆ
ಕದ್ದ ಚಿಲ್ಲರೆಯನ್ನು ದೇವರು ತಗೊಳ್ಳುತ್ತಾನೋ ಇಲ್ಲವೋ.
ಕಂಪಾಸ್ ಡಬ್ಬಿಯಲ್ಲಿ, ಸವೆದ ರಬ್ಬರಿನ ಕೆಳಗೆ, ಉಳಿಯಿತು.

ದಸರಾ ರಜೆಗೆ ಮಂಡಗದ್ದೆಯಲ್ಲಿ ಸಭೆಯ ಕ್ಯಾಂಪು.
ಶಾಲೆಯ ಕೋಣೆಗಳಲ್ಲಿ ಜಮಖಾನ, ತುಂಗೆಯ ದಡದಲ್ಲಿ ಹಲ್ಲುಜ್ಜು,
ಮಧ್ಯಾಹ್ನ ಗೋಣಿಚೀಲದ ಓಟ, ನಿಂಬೆ ಚಮಚ.
ಕಂಠಪಾಠ ವಚನಕ್ಕೆ ಪ್ರತಿ ವರ್ಷ ಪ್ರೈಜು ಹೊಡೆಯುವ
ಸಾಗರದ ಆ ಎಬೆನೇಜರ, ಎಣ್ಣೆ ತಲೆಯವನು.
ಅಡುಗೆಗೆ ನಮ್ಮಪ್ಪ, ರಜೆ ಹಾಕಿ ಬಂದಿದ್ದ;
ಎಂಜಿನ್ ಬಿಚ್ಚುವ ಗತ್ತಿನಲ್ಲೇ ಉಪ್ಪಿಟ್ಟು ಕೆದಕುತ್ತಿದ್ದ.

ಕೊನೆಯ ರಾತ್ರಿ ಬೆಂಕಿ ಹಾಕಿ ಎಲೀಷಯ್ಯನವರು ಚೀಟಿ ಹಂಚಿದರು.
"ನಿಮ್ಮ ನಿಮ್ಮ ಪಾಪ ಬರೀರಿ, ಬೆಂಕಿಗೆ ಹಾಕಿ. ಮುಗೀತು."
ಹೆಪ್ಸಿಬ ಎರಡೂ ಕಡೆ ತುಂಬಿಸಿದಳು, ಸಂಭ್ರಮದಲ್ಲಿ.
ನಾನು ಬರೆದದ್ದು: ಶೀನಣ್ಣನ ಎರಡು ರೂಪಾಯಿ.
ಸೌದೆ ಹಸಿ. ಬೆಂಕಿಗಿಂತ ಹೊಗೆ ಹೆಚ್ಚು.
ಪಾಪಕ್ಕೆ ಅತ್ತವರು ಯಾರು, ಹೊಗೆಗೆ ಅತ್ತವರು ಯಾರು,
ಗೊತ್ತಾಗಲಿಲ್ಲ.

ಬೆಳಕು ಹರಿಯುವ ಮೊದಲು ಎದ್ದು ಹೊರಗೆ ಬಂದರೆ
ಅಪ್ಪ ಒಬ್ಬನೇ ಬೂದಿ ಬಾಚುತ್ತಿದ್ದಾನೆ.
ಸುಡದೆ ಉಳಿದ ಚೀಟಿಗಳನ್ನು ಒಂದೊಂದಾಗಿ ಹೆಕ್ಕಿ
ಚಹಾದ ಒಲೆಗೆ ಹಾಕುತ್ತಿದ್ದಾನೆ.
ಓದುತ್ತಿದ್ದನೋ?
ಕಣ್ಣು ಕಿರಿದಾದದ್ದು ಬರಿಯ ಹೊಗೆಗೋ?
ಇವತ್ತಿಗೂ ಕೇಳಿಲ್ಲ.
ಇಡೀ ಸಭೆಯ ಪಾಪದ ಮೇಲೆ ಕುದಿದ ಆ ಚಹಾ,
ಅಯ್ಯನವರು ಎರಡು ಲೋಟ ಕುಡಿದರು.

ಮುಂದಿನ ಶನಿವಾರ ಬಿಲ್ಲು ಬಂದಾಗ
ಅಪ್ಪ ನಾಣ್ಯವನ್ನು ತಟ್ಟೆಗೆ ಹಾಕಲಿಲ್ಲ,
ನನ್ನ ಅಂಗೈಗೆ ಹಾಕಿದ.
"ನೀನೇ ಇಡು."
ಜೇಬಲ್ಲಿ ಇನ್ನೊಂದಿತ್ತು. ಎರಡನ್ನೂ ಇಟ್ಟೆ.
ಟಣ್. ಟಣ್.
"ಇವತ್ತೇನು ಹಬ್ಬವಾ?" ಅಂದ ಶೀನಣ್ಣ.

ಈಗ ಶೀನಣ್ಣನಿಲ್ಲ, ತಟ್ಟೆಯೂ ಬರುವುದಿಲ್ಲ.
ಮೇಜಿಗೆ ಅಂಟಿಸಿದ ಕಪ್ಪು ಚೌಕುಳಿಗಳ ಮೇಲೆ ಫೋನು ಹಿಡಿದು
ನನ್ನ ಮಗಳು ಜೆಮೈಮ "ಆಯ್ತು, ಏಳಿ" ಎನ್ನುತ್ತಾಳೆ.
ನಾಳಿದ್ದು ಅವಳ ಕ್ಯಾಂಪು. ಟಾರ್ಚಿಗೆ ಸೆಲ್ ತರಬೇಕು.

ಅಪ್ಪ ಏಳುವುದಿಲ್ಲ.
"ಸೋಂಪು?" ಎಂದು ಕೇಳುತ್ತಾನೆ.
ಒಡಿಶಾದ ಹುಡುಗ, ಅರ್ಥವಾದವನಂತೆ ತಲೆಯಾಡಿಸಿ ಒಳಗೆ ಹೋಗಿ
ಚಟ್ನಿ ಬಟ್ಟಲಲ್ಲಿ ಒಂದಿಷ್ಟು ಜೀರಿಗೆ ತಂದಿಡುತ್ತಾನೆ.
ಅಪ್ಪ ಅದನ್ನೇ ಅಗಿಯುತ್ತಾನೆ, ಮುಖ ಕಿವಿಚದೆ,
ಆಮೇಲೆ ಮೆಲ್ಲಗೆ ಜೇಬು ತಡಕುತ್ತಾನೆ.

ನಾನು ಬೀದಿಯ ಕಡೆ ನೋಡುತ್ತೇನೆ.